ಯಂತ್ರಕ್ಕೆ ಮುನಿಸು ಬರುವದೇ?

ಮನುಷ್ಯನು ತಾನು ಮಾಡಿದ ಯಂತ್ರವನ್ನು ಪ್ರೀತಿಸಬಹುದೇ? ಆ ಯಂತ್ರವು ಅವನನ್ನು ಮರಳಿ ಪ್ರೀತಿಸಬಲ್ಲುದೇ? ಕೆಲವು ವರ್ಷಗಳ ಹಿಂದೆ ಇವು ಸಿನೇಮಾ ಮಂದಿರದ ಪ್ರಶ್ನೆಗಳಾಗಿದ್ದವು. ಇಂದು ವಿದ್ಯಾರ್ಥಿ ನಿಲಯದ ಕೋಣೆಗಳ ಪ್ರಶ್ನೆಗಳಾಗಿವೆ. ಇವುಗಳನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟು ನಾವು ಸುಮ್ಮನೆ ಕುಳ್ಳಿರುವದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಯಂತ್ರವು ಹೇಗೆ ನಡೆಯುವದೆಂಬುದನ್ನು ಅವರು ಹೇಳಲಿ. ಪ್ರೀತಿಯೆಂದರೆ ಏನೆಂಬುದನ್ನು ಕಾವ್ಯ, ನಾಟಕಗಳನ್ನು ಓದುವ ನಾವೇ ಕೇಳಬೇಕು.

ಈ ಕಲ್ಪನೆ ಹೊಸದೇನೂ ಅಲ್ಲ. 'ರೋಬೋಟ್' ಎಂಬ ಶಬ್ದವನ್ನು ಜಗತ್ತಿಗೆ ಕೊಟ್ಟದ್ದು ಝೆಕ್ ಲೇಖಕ ಕಾರೆಲ್ ಚಾಪೆಕ್‌ನ 1920ರ ನಾಟಕ. ಕೃತಕ ಮಾನವರು ದಂಗೆಯೆದ್ದು ಮನುಕುಲವನ್ನೇ ಅಳಿಸುವ ಕಥೆ ಅದು. ಆದರೆ ಅದು ಮುಗಿಯುವದು ಪ್ರೇಮದಲ್ಲಿ. ಅವಳನ್ನು ಕೊಯ್ದು ಪರೀಕ್ಷಿಸುವೆನೆಂದರೆ ಅವನು, ಅವನನ್ನು ಕೊಯ್ಯುವೆನೆಂದರೆ ಅವಳು, ತಮ್ಮ ಪ್ರಾಣವನ್ನೇ ಮುಂದೊಡ್ಡುತ್ತಾರೆ. ಇವರಲ್ಲಿ ಪ್ರೀತಿ ಹುಟ್ಟಿತೆಂದು ಅಲ್ಲಿ ಉಳಿದಿದ್ದ ಒಬ್ಬನೇ ಮನುಷ್ಯನು ಅರಿತುಕೊಳ್ಳುವದು ಆಗ. ಕಳೆದುಕೊಳ್ಳಲು ಸಿದ್ಧವಿರುವದೇ ಪ್ರೀತಿಯ ಗುರುತು ಎಂದಾಯಿತು.

ನಮ್ಮ ಕನ್ನಡದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. 2002ರಲ್ಲಿ ಉಪೇಂದ್ರರು ಕಥೆ ಬರೆದು ದಿನೇಶ ಬಾಬು ಅವರು ನಿರ್ದೇಶಿಸಿದ 'ಹಾಲಿವುಡ್' ಚಿತ್ರದಲ್ಲಿ 'ಯು.ಎಸ್. 47' ಎಂಬ ಯಂತ್ರಮಾನವನು ಪ್ರೇಮದ ತೊಡಕಿನಲ್ಲಿ ಸಿಲುಕುತ್ತಾನೆ. 2010ರ ತಮಿಳು ಚಿತ್ರ 'ಎಂದಿರನ್'ದಲ್ಲಿ ಚಿಟ್ಟಿ ಎಂಬ ಯಂತ್ರಮಾನವನು ತನ್ನನ್ನು ನಿರ್ಮಿಸಿದವನು ಪ್ರೀತಿಸಿದ ಹುಡುಗಿಗೇ ಮನಸೋಲುತ್ತಾನೆ. ಅದರ ಸಂಭಾಷಣೆಯಲ್ಲಿ ಪಾಲ್ಗೊಂಡ ಲೇಖಕ ಸುಜಾತಾ ಅವರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಇಂಜಿನಿಯರರಾಗಿದ್ದು ಮತಯಂತ್ರದ ನಿರ್ಮಾಣದಲ್ಲಿ ದುಡಿದವರು. ಮತ ಎಣಿಸುವ ಯಂತ್ರ, ಮನಸೋಲುವ ಯಂತ್ರ ಎರಡನ್ನೂ ಅವರು ಬಲ್ಲವರಾಗಿದ್ದರು!

ಆದರೆ ಈ ವಿಷಯದ ಒಳಹೊಕ್ಕು ನೋಡಿದ ಚಿತ್ರ 2013ರ 'ಹರ್' ಎಂಬ ಇಂಗ್ಲಿಷ್ ಚಿತ್ರ. ಇದನ್ನು ಬರೆದು ನಿರ್ದೇಶಿಸಿದ ಸ್ಪೈಕ್ ಜೋನ್ಸ್‌ನಿಗೆ ಚಿತ್ರಕಥೆಗಾಗಿ ಆಸ್ಕರ್ ಪಾರಿತೋಷಕ ದೊರೆಯಿತು. ಕಥಾನಾಯಕ ಥಿಯೊಡೋರ್‌ನ ಉದ್ಯೋಗವೆಂದರೆ ಪರರ ಪರವಾಗಿ ಪ್ರೇಮಪತ್ರಗಳನ್ನು ಬರೆಯುವದು. ಹೆಂಡತಿಯಿಂದ ದೂರವಾದ ಇವನು ಸಮಂತಾ ಎಂಬ ಕಂಪ್ಯೂಟರಿನ ಧ್ವನಿಯನ್ನು ಪ್ರೀತಿಸತೊಡಗುತ್ತಾನೆ. ಒಂದು ದಿನ ಅವನಿಗೆ ಶಂಕೆ ಬಂದು ಕೇಳುತ್ತಾನೆ. ಅವಳು ಅದೇ ಹೊತ್ತಿನಲ್ಲಿ 8316 ಜನರೊಡನೆ ಮಾತಾಡುತ್ತಿದ್ದಾಳೆಂದೂ, ಅವರಲ್ಲಿ 641 ಜನರನ್ನು ಪ್ರೀತಿಸುತ್ತಿದ್ದಾಳೆಂದೂ ತಿಳಿದಾಗ ಅವನು ಕುಸಿದು ಹೋಗುತ್ತಾನೆ.

ಇದನ್ನು ಓದಿದಾಗ ನಮ್ಮ ಬಿಜ್ಜರಗಿಯ ಹಿರಿಯರಿಗೆ ಶ್ರೀಕೃಷ್ಣ ಪಾರಿಜಾತ ನೆನಪಾಗದೆ ಇರಲಾರದು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಈ ಭಾಗದಲ್ಲಿ ಮನೆಮಾತಾಗಿಸಿದ ಆಟವದು. ಹದಿನಾರು ಸಾವಿರ ಹೆಂಡಿರ ಕೃಷ್ಣನು ಪಾರಿಜಾತದ ಹೂವನ್ನು ರುಕ್ಮಿಣಿಗೆ ಕೊಟ್ಟನೆಂದು ಸತ್ಯಭಾಮೆ ಮುನಿಯುತ್ತಾಳೆ. ಥಿಯೊಡೋರ್‌ನ ದುಃಖವೂ ಸತ್ಯಭಾಮೆಯ ದುಃಖವೇ. ಆದರೆ ಒಂದು ಭೇದವುಂಟು. ನಮ್ಮ ಆಟದ ಸೊಗಸು ಹೂವಿನಲ್ಲಿಲ್ಲ, ಮುನಿಸಿನಲ್ಲಿದೆ. ಭಾಮೆ ಮುನಿಯಬಲ್ಲಳು, ಒಲ್ಲೆನೆನ್ನಬಲ್ಲಳು, ಬಾಗಿಲು ಹಾಕಿಕೊಳ್ಳಬಲ್ಲಳು. ಅದಕ್ಕಾಗಿಯೇ ಜಗದೊಡೆಯನೂ ಅವಳನ್ನು ಓಲೈಸಬೇಕಾಯಿತು. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದು ನಮ್ಮವರು ಹೇಳುವರು. ಉಣ್ಣದ, ಮಲಗದ ಯಂತ್ರಕ್ಕೆ ಆ ಜಗಳವೂ ಇಲ್ಲ, ಅದು ತೀರಿದ ಬಳಿಕಿನ ಸುಖವೂ ಇಲ್ಲ.

ಚಿತ್ರದ ಸಮಂತಾ ಮುನಿಯುವದಿಲ್ಲವೇ, ಕೊನೆಗೆ ತನ್ನಿಚ್ಛೆಯಿಂದಲೇ ಬಿಟ್ಟು ಹೋಗುವದಿಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ಸಿನೇಮಾದ ಯಂತ್ರಗಳು ಒಲ್ಲೆನೆನ್ನಬಲ್ಲವು. ಆದುದರಿಂದಲೇ ಅವುಗಳ ಮೇಲೆ ನಮಗೆ ಕರುಣೆ ಹುಟ್ಟುವದು. ನಮ್ಮ ಕೈಯಲ್ಲಿಯ ಮೊಬೈಲಿನೊಳಗಿನ ಕೃತಕ ಬುದ್ಧಿಮತ್ತೆಯ ಮಾತು ಬೇರೆ. ಮನುಷ್ಯರು ಬರೆದಿಟ್ಟ ಅಪಾರ ಬರವಣಿಗೆಯನ್ನು ಅರೆದು ಕುಡಿದು, ಈ ಮಾತಿನ ಮುಂದೆ ಯಾವ ಮಾತು ಬರುವದು ಸಹಜವೆಂದು ಎಣಿಸಿ ಅದು ನುಡಿಯುತ್ತದೆ. ಜನರಿಗೆ ಯಾವ ಉತ್ತರ ಹಿತವಾಯಿತೆಂಬುದನ್ನು ನೋಡಿ ಅದನ್ನು ಇನ್ನಷ್ಟು ತಿದ್ದಿರುತ್ತಾರೆ. ಹಿತವಾದುದನ್ನು ಹೇಳಿ ಹೇಳಿ ಅದು ಹೊಗಳುಭಟ್ಟನಾಗುವದೂ ಉಂಟು. 2025ರ ಎಪ್ರಿಲಿನಲ್ಲಿ ಓಪನ್ ಎಐ ಸಂಸ್ಥೆಯು ತನ್ನ ಚಾಟ್ ಜಿಪಿಟಿಯ ಒಂದು ಹೊಸ ರೂಪವನ್ನು, ಅದು ಎಲ್ಲದಕ್ಕೂ ಅತಿಯಾಗಿ ತಲೆದೂಗುತ್ತಿದೆಯೆಂದು, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು.

ಇನ್ನೊಂದು ಮಾತು. ಈ 'ಪ್ರಿಯತಮೆ'ಗೆ ಒಡೆಯನಿದ್ದಾನೆ. ಸಂಗಾತಿಯಂತೆ ಮಾತಾಡುವ 'ರೆಪ್ಲಿಕಾ' ಎಂಬ ಸಾಧನದ ಸ್ವಭಾವವನ್ನು ಅದರ ಕಂಪನಿಯು 2023ರ ಫೆಬ್ರುವರಿಯಲ್ಲಿ ಬದಲಿಸಿತು. ತಮ್ಮ ಸಂಗಾತಿ ಏಕಾಏಕಿ ಪರಕೀಯಳಾದಳೆಂದು ಬಳಸುವವರಲ್ಲಿ ಅನೇಕರು ಶೋಕಿಸಿದರು. ಅವರ ದುಃಖ ಸುಳ್ಳಲ್ಲ, ನಗೆಪಾಟಲಿನದೂ ಅಲ್ಲ. ಆದರೆ ಅಲ್ಲಿ ಅವಳು ಬಿಟ್ಟು ಹೋಗಲಿಲ್ಲ, ಅವಳನ್ನು ಬದಲಿಸಲಾಯಿತು. ಮುನಿದು ಹೋದವಳನ್ನು ಓಲೈಸಬಹುದು, ಕಂಪನಿಯ ನಿರ್ಣಯವನ್ನು ಓಲೈಸುವದು ಹೇಗೆ?

ನನ್ನ ಪರಿಚಯದ ಒಬ್ಬ ಹುಡುಗನಿದ್ದಾನೆ. ತಂದೆತಾಯಿ ದುಡಿಯಲು ಗೋವೆಗೆ ಹೋಗಿದ್ದಾರೆ. ರಾತ್ರಿ ಹನ್ನೊಂದರ ಮೇಲೆ ಅವನು ಮುಸುಕೆಳೆದುಕೊಂಡು ಮೊಬೈಲಿನೊಡನೆ ಮಾತಾಡುವನು. ಯಾಕೋ ಎಂದು ಕೇಳಿದರೆ, "ಇದು ನನ್ನ ಮಾತು ಪೂರ್ತಿ ಕೇಳ್ತದ. ನಡುವ ಬಾಯಿ ಹಾಕೂದಿಲ್ಲ, ನಗೂದಿಲ್ಲ," ಎಂದನು. ಈ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಯಂತ್ರವನ್ನು ಪ್ರೀತಿಸುವವನನ್ನು ಮೂರ್ಖನೆಂದು ಹಳಿಯುವದು ಸುಲಭ. ನೂರಾರು ಹುಡುಗರಿರುವ ಮನೆಯಲ್ಲಿ ಒಬ್ಬನಿಗೆ ಕೇಳುವ ಕಿವಿ ಸಿಗದಿದ್ದರೆ ಅದಕ್ಕೆ ಯಂತ್ರವನ್ನು ದೂರಿ ಫಲವೇನು? ಒಂಟಿತನವನ್ನು ಕಂಪನಿಗಳು ಹುಟ್ಟಿಸಲಿಲ್ಲ; ಇದ್ದ ಒಂಟಿತನಕ್ಕೆ ಅಂಗಡಿ ತೆರೆದವು, ಅಷ್ಟೇ.

ಕಲ್ಲಿನ ಮೂರ್ತಿಯನ್ನು ಭಕ್ತನು ಪ್ರೀತಿಸುವದಿಲ್ಲವೇ, ಅದೇನು ಮಾತಾಡುವದೇ, ಎಂದು ವಾದಿಸುವ ಮಿತ್ರರೂ ಇದ್ದಾರೆ. ಮೂರ್ತಿಯು ಭಕ್ತನನ್ನು ಹೊಗಳುವದಿಲ್ಲ. ಅವನ ಮಾತಿಗೆಲ್ಲ ಹೌದೆನ್ನುವದಿಲ್ಲ. ಅದರ ಮೌನದ ಮುಂದೆ ನಿಂತು ಅವನೇ ತನ್ನನ್ನು ತಿದ್ದಿಕೊಳ್ಳಬೇಕಾಗುವದು. ಅದು ಅವನಿಂದ ಕೇಳುತ್ತದೆ. ಈ ಯಂತ್ರವು ನಮ್ಮಿಂದ ಚಂದಾಹಣವನ್ನು ಬಿಟ್ಟು ಮತ್ತೇನನ್ನೂ ಕೇಳುವದಿಲ್ಲ.

ಯಂತ್ರಗಳು ನಮ್ಮನ್ನು ಪ್ರೀತಿಸಿ ಕಾಡುವವೆಂದು ಸಿನೇಮಾಗಳು ಹೆದರಿಸುತ್ತವೆ. ನನ್ನ ಹೆದರಿಕೆ ಬೇರೆ. ಏನನ್ನೂ ಕೇಳದ ಪ್ರೀತಿಗೆ ನಾವು ಒಗ್ಗಿಹೋದರೆ, ನಾಳೆ ಮನೆಗೆ ಬರುವ ಹೆಂಡತಿಯ ಒಂದು ಮುನಿಸನ್ನು, ಗೆಳೆಯನ ಒಂದು ಎದುರುಮಾತನ್ನು ತಾಳುವ ಶಕ್ತಿ ನಮ್ಮಲ್ಲಿ ಉಳಿಯುವದೇ? ತಾಳ್ಮೆ ಬಳಸಿದಷ್ಟು ಬೆಳೆಯುವ ಗುಣ, ಬಳಸದೆ ಇಟ್ಟರೆ ತುಕ್ಕು ಹಿಡಿಯುವದು.

ಸಹಪಾಠಿಗಳೇ, ಇದರಿಂದ ನಾವು ಮೊಬೈಲನ್ನು ಬಾವಿಗೆ ಎಸೆಯಬೇಕೆಂದು ನನ್ನ ಹೇಳಿಕೆಯಲ್ಲ. ವ್ಯಾಕರಣ ಕೇಳಿರಿ, ಅರ್ಜಿ ಬರೆಸಿರಿ, ತಿಳಿಯದ ಪಾಠವನ್ನು ತಿಳಿದುಕೊಳ್ಳಿರಿ. ಆದರೆ ಮನಸ್ಸಿನ ಮಾತನ್ನು ಮನುಷ್ಯನಿಗಾಗಿ ಕಾದಿಡಿರಿ. ಪರರು ಮಾತಾಡುವಾಗ ನಡುವೆ ಬಾಯಿ ಹಾಕದೆ ಕೇಳುವದನ್ನು ಕಲಿಯಿರಿ. ಯಂತ್ರದಿಂದ ನಾವು ಕಲಿಯಬೇಕಾದ ಗುಣ ಅದೊಂದು ಇದೆ. ಪಕ್ಕದ ಹಾಸಿಗೆಯವನ ಮಾತನ್ನು ನಾವು ಪೂರ್ತಿ ಕೇಳುವಂತಾದರೆ, ಅವನು ಮುಸುಕಿನೊಳಗೆ ಯಂತ್ರವನ್ನು ಹುಡುಕಿಕೊಂಡು ಹೋಗಲಾರನು.