ಒಂದೇ ಪಾತ್ರೆಯ ರಸಾಯನ, ಎರಡು ಪ್ರಶ್ನೆ

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್ ಸುತ್ತಿನ ಕೊಳಚೆ ವೃಷಭಾವತಿಗಿಳಿದು, ಬೈರಮಂಗಲದತ್ತ ಹರಿದು, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಪೀಣ್ಯದ ಕಾರ್ಖಾನೆಗಳ ತ್ಯಾಜ್ಯ ಹಿಡಿದದ್ದೂ ಇದೇ ದಾರಿಯನ್ನು. ‘ರಾಸಾಯನಿಕ’ವೆಂಬ ಮಾತು ಕಿವಿಗೆ ಬಿದ್ದೊಡನೆ ಪರಿಸರ ಚಳವಳಿಯು ಮುಖ ತಿರುಗಿಸುವುದು ಸಹಜವೇ, ಆದರೆ ಅಷ್ಟೇ ಸಾಲದು. ಈ ಬಡಾವಣೆಗೆ ಕೆಲವೇ ಕಿಲೋಮೀಟರು ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಕೆಲಸವೊಂದನ್ನು ಮಲೆನಾಡಿನ ಕಾರ್ಯಕರ್ತರೂ ಅರಿಯಬೇಕು.

ಪಾಲಿಮರ್ ಎಂದರೆ ಸಾಮಾನ್ಯವಾಗಿ ಅಣುಗಳ ಉದ್ದನೆಯ ಸರಪಳಿ. ಮರದಂತೆ ಕವಲೊಡೆಯುವ ಪಾಲಿಮರುಗಳೂ ಉಂಟು; ಅಕ್ಕಿಯ ಪಿಷ್ಟದಲ್ಲಿರುವ ಅಮೈಲೋಪೆಕ್ಟಿನ್ ಅಂಥದ್ದು. ಇಂಥ ಕವಲುಗಳನ್ನು ಪ್ರಯೋಗಶಾಲೆಯಲ್ಲಿ ಅಚ್ಚುಕಟ್ಟಾಗಿ ಕಟ್ಟಿದರೆ ಅದು ಡೆಂಡ್ರಿಮರ್. 1980ರ ದಶಕದಲ್ಲಿ ಅಮೆರಿಕದ ಡೊನಾಲ್ಡ್ ಟೊಮಾಲಿಯಾ ಪ್ರಸಿದ್ಧಿಗೆ ತಂದ ಈ ವಿಧಾನದಲ್ಲಿ ಒಂದೊಂದು ಸುತ್ತಿನ ಕೊಂಬೆಗೂ ಬೇರೆ ಕ್ರಿಯೆ, ಬೇರೆ ಶುದ್ಧೀಕರಣ; ಪ್ರತಿ ಸಲವೂ ಒಂದಿಷ್ಟು ದ್ರಾವಕ ವ್ಯರ್ಥ. ಸುಲಭದ ದಾರಿಯನ್ನು ಪಾಲ್ ಫ್ಲೋರಿ 1952ರಲ್ಲಿಯೇ ಲೆಕ್ಕದಿಂದ ತೋರಿಸಿದ್ದರು: ಒಂದು ಬಗೆಯ ಒಂದು ಕೈ, ಅದಕ್ಕೆ ಜೋಡಿಯಾಗುವ ಇನ್ನೊಂದು ಬಗೆಯ ಎರಡು ಕೈಗಳುಳ್ಳ ಅಣುಗಳನ್ನು ಒಟ್ಟಿಗೆ ಬಿಟ್ಟರೆ ಅವು ತಾವಾಗಿ ಕವಲೊಡೆಯುತ್ತವೆ, ಬಲೆಯಾಗಿ ಹೆಪ್ಪುಗಟ್ಟುವುದಿಲ್ಲ. ವಿಜ್ಞಾನ ಸಂಸ್ಥೆಯ ಎಸ್. ರಾಮಕೃಷ್ಣನ್ ಮತ್ತು ಎಂ. ಜಯಕಣ್ಣನ್ 2000ರ ಸುಮಾರಿಗೆ ಇದನ್ನು ದ್ರಾವಕವಿಲ್ಲದೆಯೇ ಸಾಧಿಸಿದರು. ಕಚ್ಚಾ ಅಣುವನ್ನು ಆಮ್ಲ ವೇಗವರ್ಧಕದೊಡನೆ ಕರಗಿಸಿ ಕಾಯಿಸಿದರೆ ಮೆಥನಾಲ್ ಆವಿಯಾಗಿ ಹೊರಬೀಳುತ್ತದೆ, ಕವಲಿನ ಪಾಲಿಈಥರ್ ಉಳಿಯುತ್ತದೆ. ಕೊಂಬೆಗಳು ಡೆಂಡ್ರಿಮರಿನಷ್ಟು ಸಮನಾಗಿರವು. ಬಣ್ಣ, ಲೇಪನಗಳಿಗೆ ಆ ಸೊಗಸು ಬೇಕಾಗಿಯೂ ಇಲ್ಲ.

ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ತ್ಯಾಜ್ಯ? ರಾಜರ್ ಶೆಲ್ಡನ್ 1992ರಲ್ಲಿ ಮುಂದಿಟ್ಟ ಅಳತೆಗೋಲು ಇದು. ಔಷಧ ತಯಾರಿಕೆಯಲ್ಲಿ ಈ ಅಂಕಿ 25ರಿಂದ 100ನ್ನೂ ದಾಟುತ್ತದೆಂದು ಅವರ ಲೆಕ್ಕ. ‘ರಾಸಾಯನಿಕ ಬೇಡ’ವೆಂಬ ಘೋಷಣೆಗೆ ಕಾರ್ಖಾನೆಯವರ ಬಳಿ ಸಿದ್ಧ ಉತ್ತರವಿರುತ್ತದೆ, ಈ ಪ್ರಶ್ನೆಗೆ ಇರುವುದು ಅಪರೂಪ.

ಹಾಗೆಂದು ಪಾತ್ರೆ ಒಂದೇ ಆದ ಮಾತ್ರಕ್ಕೆ ಸರಕು ನಿರಪಾಯವಾಗದು. ಮೆಥನಾಲ್ ವಿಷ, ಹಿಡಿದಿಟ್ಟರೆ ಸರಕು, ಬಿಟ್ಟರೆ ಮಾಲಿನ್ಯ. ಪಿಷ್ಟವನ್ನು ಅರಗಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿವೆ. ಪಾಲಿಈಥರಿನ ಬಂಧ ಅಷ್ಟು ಸುಲಭವಾಗಿ ಮುರಿಯುವಂಥದ್ದಲ್ಲ. ಕವಲಿನ ತುದಿಗಳಲ್ಲಿ ಧನಾವೇಶದ ಅಮೈನ್ ಗುಂಪುಗಳಿದ್ದರೆ ಜೀವಕೋಶದ ಪೊರೆಗೇ ಹಾನಿಯೆಂಬುದು ಡೆಂಡ್ರಿಮರುಗಳ ಅಧ್ಯಯನದಿಂದ ತಿಳಿದ ಸಂಗತಿ. ಆದುದರಿಂದ ಎರಡನೆಯ ಪ್ರಶ್ನೆ: ಬಳಸಿ ಬಿಸುಟದ್ದು ಕೊನೆಗೆ ಯಾವ ನೀರಿಗಿಳಿಯುತ್ತದೆ? ಮಾಲಿನ್ಯ ನಿಯಂತ್ರಣ ಮಂಡಳಿಯು ಅನುಮತಿ ನೀಡುವ ಮುನ್ನವೇ ಈ ಎರಡಕ್ಕೂ ಅಂಕಿಗಳಲ್ಲಿ ಉತ್ತರ ಪಡೆಯಬೇಕು, ಆ ಉತ್ತರವು ಕನ್ನಡದಲ್ಲಿ, ನದಿಯ ಕೆಳದಂಡೆಯ ಗ್ರಾಮ ಪಂಚಾಯಿತಿಗಳಿಗೂ ಸಿಗಬೇಕು.