ಸಲಹೆಗಾರರಿಗೂ ಹೊಣೆ ಇರಲಿ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ಮನೆಮನೆಯಲ್ಲೂ ಒಂದೇ ಪ್ರಶ್ನೆ: ಮುಂದೇನು? ಹಿಂದೆ ಇದಕ್ಕೆ ಉತ್ತರ ಹೇಳುತ್ತಿದ್ದವರು ಶಾಲೆಯ ಮೇಷ್ಟ್ರು, ಇಲ್ಲವೇ ಓದಿ ಕೆಲಸ ಹಿಡಿದ ಬಂಧುಗಳು. ಈಗ ಆ ಜಾಗಕ್ಕೆ ವೃತ್ತಿ ಮಾರ್ಗದರ್ಶನ ಕೇಂದ್ರಗಳು ಬಂದಿವೆ. ಶುಲ್ಕ ಕಟ್ಟಿದರೆ ಪರೀಕ್ಷೆ, ವರದಿ, ಸಲಹೆ ಎಲ್ಲವೂ ಸಿಗುತ್ತದೆ. ಸಲಹೆ ತಪ್ಪಿದರೆ ಹೊಣೆ ಯಾರದೆಂದು ಮಾತ್ರ ಯಾರೂ ಹೇಳುವುದಿಲ್ಲ.

ವಕೀಲರಿಗೆ, ವೈದ್ಯರಿಗೆ ಆಯಾ ಪರಿಷತ್ತಿನ ನೋಂದಣಿ ಕಡ್ಡಾಯ. ವೃತ್ತಿ ಸಲಹೆಗಾರ ಎಂದು ಬೋರ್ಡು ಹಾಕಲು ಅಂಥದ್ದೇನೂ ಬೇಕಿಲ್ಲ. ತರಬೇತಿ ಪಡೆದವರು ಇಲ್ಲವೆಂದಲ್ಲ. ಎನ್‌ಸಿಇಆರ್‌ಟಿ ಈ ವಿಷಯದಲ್ಲಿ ಡಿಪ್ಲೊಮಾ ಕೋರ್ಸನ್ನೇ ರೂಪಿಸಿದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಕೇಂದ್ರವಾಗಿ ಕೆಲಸ ಮಾಡಿದೆ. ಆದರೆ ಕಲಿತವರು ಯಾರು, ಕಲಿಯದವರು ಯಾರೆಂದು ಪೋಷಕರಿಗೆ ತಿಳಿಯುವುದು ಹೇಗೆ?

ದೊಡ್ಡ ರೋಗವೆಂದರೆ ಕಮಿಷನ್. ವಿದ್ಯಾರ್ಥಿಯಿಂದ ಶುಲ್ಕ, ಕಾಲೇಜಿನಿಂದ ತಲೆಗಿಷ್ಟೆಂದು ಹಣ ಪಡೆಯುವವನ ಸಲಹೆ ಯಾರ ಕಡೆ ವಾಲೀತು? ಎಸ್ಸೆಸ್ಸೆಲ್ಸಿ ನಂತರ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ 3 ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ಎಂಜಿನಿಯರಿಂಗ್‌ನ 2ನೇ ವರ್ಷಕ್ಕೇ ಸೇರಬಹುದು. ಬಡವರ ಮಕ್ಕಳಿಗೆ ಇದು ಒಳ್ಳೆಯ ದಾರಿ. ಸರ್ಕಾರಿ ಕಾಲೇಜು ಕಮಿಷನ್ ಕೊಡುವುದಿಲ್ಲವಾದ್ದರಿಂದ ಇಂಥವರ ಬಾಯಲ್ಲಿ ಈ ಮಾತು ಬರುವುದೇ ಇಲ್ಲ.

ಇನ್ನು ಬೆರಳಚ್ಚು ನೋಡಿ ಮಗುವಿನ ಬುದ್ಧಿಶಕ್ತಿ ಅಳೆಯುತ್ತೇವೆ ಎನ್ನುವವರಿದ್ದಾರೆ. ಇದಕ್ಕೆ ವಿಜ್ಞಾನದ ಆಧಾರವಿಲ್ಲ. ಗಿಳಿಶಾಸ್ತ್ರಕ್ಕೆ ಕಂಪ್ಯೂಟರ್ ಜೋಡಿಸಿದಂತೆ ಅಷ್ಟೆ.

ಹಣ ಕೊಡುವ ಮೊದಲು ಪೋಷಕರು ಕೆಲವು ಪ್ರಶ್ನೆ ಕೇಳಲೇಬೇಕು. ನಿಮ್ಮ ತರಬೇತಿ ಏನು? ಯಾವ ಕಾಲೇಜಿನಿಂದಲಾದರೂ ಹಣ ಪಡೆಯುತ್ತೀರಾ? ಈ ಪರೀಕ್ಷೆಯನ್ನು ನಮ್ಮ ಕಡೆಯ, ಕನ್ನಡದಲ್ಲಿ ಓದಿದ ಮಕ್ಕಳ ಮೇಲೆ ಪ್ರಯೋಗಿಸಿ ನೋಡಲಾಗಿದೆಯೆ? ಸಲಹೆಯನ್ನು ಬರಹದಲ್ಲಿ ಕೊಡುತ್ತೀರಾ? ಉತ್ತರಿಸಲು ತಡವರಿಸುವವರಿಂದ ದೂರವಿರುವುದೇ ಲೇಸು.

ಹಣ ಪಡೆದು ಕೊಡುವ ಸಲಹೆಯೂ ಸೇವೆಯೇ. ಸುಳ್ಳು ಭರವಸೆ ನೀಡಿ ವಂಚಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ರಸೀದಿ, ಜಾಹೀರಾತು, ಕರಪತ್ರಗಳನ್ನು ಜೋಪಾನವಾಗಿಡಬೇಕು. ಬಾಯಿಮಾತಿನ ಭರವಸೆಯನ್ನು ರುಜುವಾತುಪಡಿಸುವುದು ಕಷ್ಟ.

ಕಾನೂನು ಹಣವನ್ನು ವಾಪಸು ಕೊಡಿಸೀತು. ಒಲ್ಲದ ಕೋರ್ಸಿನಲ್ಲಿ ಕಳೆದ ವರ್ಷಗಳನ್ನು ಕೊಡಿಸಲಾರದು. ಆದ್ದರಿಂದ ಸಲಹೆಗಾರರ ನೋಂದಣಿ, ಕನಿಷ್ಠ ಅರ್ಹತೆ, ಕಮಿಷನ್ ಬಹಿರಂಗಪಡಿಸುವ ನಿಯಮ ಇವಿಷ್ಟನ್ನಾದರೂ ಸರ್ಕಾರ ತರಬೇಕು. ಪ್ರತಿ ಪ್ರೌಢಶಾಲೆಯಲ್ಲಿ ತರಬೇತಿ ಪಡೆದ ಒಬ್ಬ ಶಿಕ್ಷಕರಿದ್ದರೆ ಹಳ್ಳಿಯ ಮಕ್ಕಳು ಸಲಹೆಗಾಗಿ ಪೇಟೆಗೆ ಅಲೆಯುವುದೂ ತಪ್ಪುತ್ತದೆ.