ಅಸೂಟಿಗೂ ಸೂಟಿ ಬಂತು

ರೋಣ ತಾಲೂಕಿನ ಅಸೂಟಿಯ ಹೆಸರು ಕೇಳಿದವರು ಚಾಷ್ಟಿ ಮಾಡುವುದುಂಟು: "ಸೂಟಿ ಇಲ್ಲದ ಊರಿಗೆ ಅಸೂಟಿ ಅಂತಾರೇನ್ರಿ?" ಹೆಸರಿನ ಮೂಲ ಏನೇ ಇರಲಿ, ಸಾಲಿ ಸೂಟಿ ಆ ಊರಿಗೂ ತಪ್ಪಿದ್ದಲ್ಲ. ಏಪ್ರಿಲ್ 11ರಿಂದ ಮೇ 28ರವರೆಗೆ, 2024ರಲ್ಲೂ ಅಷ್ಟೇ, 2025ರಲ್ಲೂ ಅಷ್ಟೇ, ಒಟ್ಟು 48 ದಿನ ಪಾಠ ಬಂದ್.

ಈ 48 ದಿನದಲ್ಲಿ ಸಣ್ಣ ಹುಡುಗರ ತಲೆಯಿಂದ ಏನೇನು ಸೋರಿ ಹೋಗುತ್ತದೆ ಎಂದು ಯಾರಾದರೂ ಲೆಕ್ಕ ಇಟ್ಟಿದ್ದಾರೆಯೇ?

ಜೂನ್ ಮೊದಲ ವಾರ ರೋಣದ ಬಸ್ ನಿಲ್ದಾಣದಲ್ಲಿ ಒಬ್ಬ ತಾಯಿ ಮಗನ ಕೈ ಹಿಡಿದು ನಿಂತಿದ್ದಳು. ಹುಡುಗ ಎರಡನೇ ಇಯತ್ತೆ ಮುಗಿಸಿದವ. ಎದುರಿಗೆ ನಿಂತ ಬಸ್ಸಿನ ಬೋರ್ಡು ಓದು ಎಂದೆವು. 'ಗ' ಅಂದ, 'ದ' ಅಂದ, ಮತ್ತೆ 'ಗ' ಅಂದ. ಮೂರೂ ಕೂಡಿಸಿದರೆ ಯಾವ ಊರು ಎಂದರೆ ಅವ್ವನ ಮುಖ ನೋಡಿದ. "ಮಾರ್ಚದಾಗ ಚಲೋ ಓದ್ತಿದ್ದರಿ ಅಣ್ಣಾರ. ಸೂಟ್ಯಾಗ ಎಲ್ಲಾ ನುಂಗಿ ನೀರ ಕುಡದಾನ" ಎಂದಳು ಆ ತಾಯಿ. ಹುಡುಗ ನಕ್ಕ. ನಾವೂ ನಕ್ಕೆವು. ಬಸ್ಸು ಬಂತು, ಹೋದರು. ಆದರೆ ಅದು ನಕ್ಕು ಬಿಡುವ ಮಾತಲ್ಲ.

ಕೊರೊನಾ ಕಾಲ ನೆನಪಿದೆಯಲ್ಲ? 2020ರ ಮಾರ್ಚಿನಲ್ಲಿ ಮುಚ್ಚಿದ ಸಾಲಿ, ಒಂದರಿಂದ ಐದನೇ ಇಯತ್ತೆಯ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ, 2021ರ ಜನವರಿಯಲ್ಲಿ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಕೂರಿಸಿ ಕೇಳಿ ನೋಡಿದರು. ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಕೌಶಲ ಮರೆತಿದ್ದರು. ಲೆಕ್ಕದಲ್ಲಿ ನೂರಕ್ಕೆ 82. ಅದನ್ನು ತುಂಬಿಸಲೆಂದೇ 2022ರಲ್ಲಿ ಸರಕಾರ ಸೂಟಿ ಕಡಿತ ಮಾಡಿ ಮೇ 16ಕ್ಕೇ ಸಾಲಿ ತೆರೆಯಿತು, 'ಕಲಿಕಾ ಚೇತರಿಕೆ' ಎಂದು ವರ್ಷಪೂರ್ತಿ ಓಡಾಡಿತು. ಅದು ದೊಡ್ಡ ಸೂಟಿ, ಇದು ಸಣ್ಣದು, ಖರೆ. ಆದರೆ ಇದು ವರ್ಷಾ ವರ್ಷಾ ಬರುತ್ತದೆ.

ಕೈಯಲ್ಲಿ ನಾಲ್ಕು ಕಾಸು ಇದ್ದವರು ಗದಗ, ಹುಬ್ಬಳ್ಳಿಯ ಬೇಸಿಗೆ ಶಿಬಿರಕ್ಕೆ ಫೀ ಕಟ್ಟುತ್ತಾರೆ. ಉಳಿದವರು? ಎರಿ ಹೊಲದಲ್ಲಿ ಕಡಲೆ, ಜೋಳದ ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಯವರು ಗೋವಾ, ಮಂಗಳೂರು ಕಡೆ ದುಡಿಯಲು ಹೋಗುತ್ತಾರೆ. ಮಗು ಒಂದೋ ಅವರ ಜೋಡಿ, ಇಲ್ಲವೇ ಆಯಿ, ಮುತ್ಯಾನ ಜೋಡಿ. "ನಮಗ ಓದಾಕ ಬರೂದಿಲ್ಲ, ನಾವೇನ ಕಲಸೂಣು?" ಎನ್ನುತ್ತಾರೆ ಹಿರಿಯರು. ಪಿಯುಸಿ ಅರ್ಧಕ್ಕೆ ಬಿಟ್ಟ ನಮ್ಮಂಥವನು ಇದಕ್ಕೆ ಉತ್ತರ ಹೇಳಿದರೆ ತಪ್ಪಿಲ್ಲವೆಂದು ತಿಳಿದಿದ್ದೇವೆ. ಅಕ್ಷರ ಬಾರದ ಆಯಿಯೂ ಕಲಿಸಬಲ್ಲಳು. ಅವಳು ಒಗಟು ಹಾಕಲಿ, ಕತಿ ಹೇಳಲಿ, ಅರ್ಧಕ್ಕೆ ನಿಲ್ಲಿಸಿ "ಮುಂದೇನಾತು, ನೀ ಹೇಳ" ಅನ್ನಲಿ. ಶ್ಯಾವಿಗಿ, ಹಪ್ಪಳ ಮಾಡುವ ದಿನ ಒಂದು ಸಾಲಿಗೆ ಎಂಟರಂತೆ ಆರು ಸಾಲು ಹಪ್ಪಳ ಒಣಹಾಕಿಸಲಿ. ಎಣಿಸಿದರೆ ಎಂಟರ ಮಗ್ಗಿ ಅಲ್ಲಿಯೇ ಬಂತು.

ಇನ್ನು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರು ತವರಿಗೆ ಹೋಗಿ ಬರುವುದು ಸಸಾರವಾಗಿದೆ. ಕಿಟಕಿ ಪಕ್ಕದ ಹುಡುಗನ ಕೈಗೆ ಮೊಬೈಲು ಕೊಡುವ ಬದಲು ಬೋರ್ಡು ತೋರಿಸಿರಿ. ನರೇಗಲ್ಲ, ಗಜೇಂದ್ರಗಡ, ಹೊಳೆಆಲೂರ, ಬಾದಾಮಿ. ಒತ್ತಕ್ಷರ, ದೀರ್ಘ, ಅರ್ಕಾವತ್ತು ಎಲ್ಲಾ ರಸ್ತೆ ಮೇಲೆ ಬಿದ್ದಿವೆ. ಕಿಲೋಮೀಟರ್ ಕಲ್ಲು ಓದಲಿ, ಇನ್ನೆಷ್ಟು ಉಳಿಯಿತು ಎಂದು ಕಳೆದು ಹೇಳಲಿ. ನಿತ್ಯದ ಪ್ರಯಾಣಿಕರು ಬಾಜೂಕ ಕುಂತ ಮಗುವಿಗೆ ಒಂದು ಬೋರ್ಡು ಓದಿಸಿದರೆ ಅವರ ಗಂಟೇನೂ ಹೋಗುವುದಿಲ್ಲ.

ಅಂಗಡಿಕಾರರೂ ಕೇಳಬೇಕು. ಹಿಂದೆ ಕಿರಾಣಿ ಗಲ್ಲಾದ ಪಕ್ಕ ಕುಂತ ಹುಡುಗ, ಪಾವ ಕಿಲೋ ಸಕ್ಕರಿ, ಅರ್ಧ ಕಿಲೋ ಬೆಲ್ಲ ಕೊಟ್ಟು ನೂರರ ನೋಟಿಗೆ ಎಷ್ಟು ತಿರುಗಿ ಕೊಡಬೇಕೆಂದು ಬೆರಳ ಮೇಲೆ ಲೆಕ್ಕ ಮಾಡುತ್ತಿದ್ದ. ಈಗ ಸ್ಕ್ಯಾನ್ ಡಬ್ಬಿಯೇ ರೊಕ್ಕ ಬಂತೆಂದು ಕೂಗುತ್ತದೆ, ಚಿಲ್ಲರೆ ಲೆಕ್ಕ ಹುಡುಗರ ಕೈ ತಪ್ಪಿದೆ. ದಿನಕ್ಕೆ ಅರ್ಧ ತಾಸು ನಿಮ್ಮ ಮಗನನ್ನೋ ಮಗಳನ್ನೋ ಕೂರಿಸಿರಿ, ಉದ್ರಿ ವಹಿಯ ಒಂದು ಪುಟ ಕೂಡಿಸಲಿ. ಕಾನೂನಿನ ಭಯ ಬೇಡ. 2016ರ ತಿದ್ದುಪಡಿಯ ಪ್ರಕಾರ 14 ತುಂಬದ ಮಗು ಸಾಲಿ ಬಿಟ್ಟ ಮೇಲೆ ಅಥವಾ ಸೂಟಿಯಲ್ಲಿ ತನ್ನ ಮನೆಯವರ ಧಂದೆಯಲ್ಲಿ ಕೈಗೂಡಿಸಬಹುದು, ಅಪಾಯದ ಕೆಲಸ ಮಾತ್ರ ಕೂಡದು. ಆದರೆ ಪರರ ಮಗುವನ್ನು ಸೂಟಿಯ ನೆವದಲ್ಲಿ ಕಪ್ಪು-ಬಸಿ ತೊಳೆಯಲು ಇಟ್ಟುಕೊಂಡರೆ 20 ಸಾವಿರದಿಂದ 50 ಸಾವಿರದವರೆಗೆ ದಂಡ, ಜೈಲೂ ಉಂಟು. ಇದನ್ನು ಕೆಲವು ಹೊಟೆಲಿನವರು ಎರಡು ಸಲ ಓದಿಕೊಳ್ಳುವುದು ಚಲೋ.

ಮನೆಯವರ ಪಾಲು ಇಷ್ಟಾಯಿತು. ಸರಕಾರದ್ದು? 2017ರ ಬೇಸಿಗೆಯಲ್ಲಿ ಬರಪೀಡಿತ ತಾಲೂಕುಗಳಲ್ಲಿ 'ಬೇಸಿಗೆ ಸಂಭ್ರಮ, ಸ್ವಲ್ಪ ಓದು ಸ್ವಲ್ಪ ಮೋಜು' ಎಂದು ಶಿಬಿರ ನಡೆಸಿದರು. ಹೆಸರೇ ಚೆಂದ. ಆದರೆ ಅದು 6, 7ನೇ ಇಯತ್ತೆಯವರಿಗೆ, ಅಕ್ಷರ ಆಗತಾನೆ ಕೂಡಿಸಿ ಓದುವ ಸಣ್ಣವರಿಗಲ್ಲ. 2024ರಲ್ಲಿ 223 ಬರಪೀಡಿತ ತಾಲೂಕುಗಳಲ್ಲಿ ಸೂಟಿಯ 41 ದಿನವೂ ಬಿಸಿಯೂಟ ಕೊಡಲು ತೀರ್ಮಾನಿಸಿದರು. ಒಳ್ಳೆಯ ಕೆಲಸ. ಆದರೆ ಅನ್ನಕ್ಕಾಗಿ ಸಾಲಿ ಬಾಗಿಲು ತೆರೆಯಬಹುದಾದರೆ, ಪುಸ್ತಕದ ಕಪಾಟಿಗೂ ಒಂದು ಬಾಗಿಲು ಇದೆಯಲ್ಲ? ಅದನ್ನೇಕೆ ತೆರೆಯಬಾರದು? ಬರ ಬಂದರಷ್ಟೇ ಮಕ್ಕಳಿಗೆ ಹಸಿವೆಯೋ?

ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಎಂದು ಹೆಸರು. 2020ರ ಮಕ್ಕಳ ದಿನ ಆರಂಭವಾದ 'ಓದುವ ಬೆಳಕು' ಯೋಜನೆಯಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಪುಕ್ಕಟೆ. ಎಷ್ಟು ಪಾಲಕರಿಗೆ ಇದು ಗೊತ್ತು? ಬಿಸಿಲು ಏರುವ ಮೊದಲೇ, ಮುಂಜಾನೆ ಎಂಟಕ್ಕೆ ಬಾಗಿಲು ತೆರೆದರೆ ಸಣ್ಣವರು ಬಂದಾರು. ನಡು ಮಧ್ಯಾಹ್ನ ತೆರೆದಿಟ್ಟರೆ ಫ್ಯಾನಿನ ಕೆಳಗೆ ಪೇಪರ್ ಹಿಡಿದು ತೂಕಡಿಸುವವರಿಗೆ ಮಾತ್ರ ಅನುಕೂಲ.

ಬರುವ ಏಪ್ರಿಲ್ 10ಕ್ಕೆ, ಫಲಿತಾಂಶ ಕೇಳಲು ಪಾಲಕರು ಸಾಲಿಗೆ ಬರುತ್ತಾರೆ. ಅಸೂಟಿಯ ಗುರುಗಳು, ಅಕ್ಕೋರು, ಎಸ್‌ಡಿಎಂಸಿಯವರು ಅದೇ ಹೊತ್ತಿಗೆ ಕಪಾಟು ತೆಗೆದು ಒಂದೊಂದು ಮಗುವಿಗೆ ಮೂರು ಮೂರು ಕತಿ ಪುಸ್ತಕ ಕೊಟ್ಟು, ತಾಯಿಯ ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಂಡು ಕಳಿಸಬೇಕೆಂದು ನಮ್ಮ ಸೂಚನೆ. ಹರಿದು ಬಂದರೆ ಗೋಂದು ಹಚ್ಚಿದರಾಯಿತು.